ಹಳೇ ಸೈಕಲ್‌ಗೆ ಹೊಸ ಚಕ್ರ: ಮೂಗಿಗಿಂತ ಮೂಗುತಿ ಭಾರ ಆಗಬಾರದಲ್ವಾ?

ನಂದಿ ಬೆಟ್ಟ ಹತ್ತೋವಾಗ ಸೈಕಲ್ ಏನೂ ಹೇಳಲ್ಲ. ಹೇಳೋದೆಲ್ಲ ಇಳಿಯೋವಾಗ. ಆ ಭಾನುವಾರ ಬೆಳಿಗ್ಗೆ ಒಂದು ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದೆ. ನಯವಾಗಿ ಹಿಡಿಯಬೇಕಾದ ಬ್ರೇಕ್ 'ಟಕ್, ಟಕ್, ಟಕ್' ಅಂತ ಬೆರಳಿಗೆ ಬಡಿಯಿತು. ಚಕ್ರ ಒಂದು ಸುತ್ತು ಬಂದಾಗೆಲ್ಲ ಒಂದು ಟಕ್. ರಿಮ್ ಸ್ವಲ್ಪ ಬೆಂಡಾಗಿರಬೇಕು ಅಂದುಕೊಂಡೆ. ಹಿಂದಿನ ಬ್ರೇಕನ್ನೇ ನಂಬಿಕೊಂಡು ನಿಧಾನಕ್ಕೆ ಇಳಿದು, ಮಾವಳ್ಳಿವರೆಗೂ ತುಳಿದುಕೊಂಡೇ ಬಂದೆ. ಎಂ.ಟಿ.ಆರ್. ಮುಂದಿನ ಜನ ನೋಡಿ ತಿಂಡಿಯ ಆಸೆ ಬಿಟ್ಟು, ಮನೆಗೆ ಹೋಗಿ ಉಪ್ಪಿಟ್ಟು ತಿಂದು ಮಲಗಿದೆ.

ಸಂಜೆ ತಮ್ಮ ಬಂದ. "ಅಣ್ಣ, ಮುಂದಿನ ಭಾನುವಾರ ಸೈಕಲ್ ನಾನು ತಗೊಂಡು ಹೋಗ್ಲಾ ನಂದಿಗೆ?"

"ತಗೊಂಡ್ ಹೋಗೋ, ಅದಕ್ಕೇನಂತೆ" ಅಂದೆ.

ಬ್ರೇಕಿನ ಟಕ್ ಶಬ್ದ ಕೇಳಿಸಿಕೊಂಡ ಮೇಲೂ ಹಾಗಂದಿದ್ದೆ. ಅದು ನೆನಪಾದಾಗ ಇವತ್ತಿಗೂ ಹೊಟ್ಟೆಯೊಳಗೆ ಏನೋ ಆಗುತ್ತೆ. ಹಳೇ ಸೈಕಲ್ ಇಟ್ಟುಕೊಂಡಿರೋ, ಇಲ್ಲಾ ಸೆಕೆಂಡ್ ಹ್ಯಾಂಡ್ ಕೊಳ್ಳೋಣ ಅಂತಿರೋ ನಿಮ್ಮಂಥವರಿಗಾಗಿ ಇದನ್ನ ಬರೆಯೋಕೆ ಕಾರಣ ಅದೇ.

ಅಟ್ಟದಿಂದ ಇಳಿದ ಸೈಕಲ್

ನನ್ನದು ಚಾಮರಾಜಪೇಟೆಯ ಒಂದು ಮನೆಯ ಅಟ್ಟದಿಂದ ಇಳಿದು ಬಂದ ಸೈಕಲ್. ಆ ಮನೆಯ ಹಿರಿಯರು ಎಂಬತ್ತರ ದಶಕದ ಶುರುವಿನಲ್ಲಿ ಇಂಗ್ಲೆಂಡಿನಿಂದ ತಂದಿದ್ದಂತೆ. ಉಕ್ಕಿನ ಫ್ರೇಮ್, ಬಾಗಿದ ಹ್ಯಾಂಡಲ್, ಮುಂದೆ ಎರಡು ಹಲ್ಲುಚಕ್ರ, ಹಿಂದೆ ಐದು. ಆ ಕಾಲದಲ್ಲಿ 'ಟೆನ್ ಸ್ಪೀಡ್' ಅಂತಿದ್ದದ್ದು ಇದನ್ನೇ. ಒಂಬತ್ತು ಸಾವಿರ ಕೊಟ್ಟೆ. ಓವರಾಯಿಲಿಂಗ್ ಮಾಡಿಸಿ, ಬ್ರೇಕ್ ರಬ್ಬರ್, ಕೇಬಲ್ ಬದಲಾಯಿಸಿ ಎರಡು ವರ್ಷ ಓಡಿಸಿದೆ. ಚಕ್ರದ ಕಡೆ ಮಾತ್ರ ನೋಡಲೇ ಇಲ್ಲ. ತಿರುಗ್ತಾ ಇತ್ತಲ್ಲ, ಸಾಕು ಅಂದುಕೊಂಡಿದ್ದೆ.

ಸೋಮವಾರ ಆಫೀಸಿಗೆ ಹೋಗೋ ಮುಂಚೆ ದೊಡ್ಡಮಾವಳ್ಳಿಯ ಗಲ್ಲಿಯೊಂದರಲ್ಲಿರೋ ಸೈಕಲ್ ಶಾಪಿಗೆ ಹೋದೆ. ಹತ್ತು ಹೆಜ್ಜೆ ಆಚೆ ಜೆ.ಸಿ. ರಸ್ತೆ. ಕಾರು, ಲಾರಿಗಳ ಬಿಡಿಭಾಗಕ್ಕೆ ಇಡೀ ರಾಜ್ಯವೇ ಅಲ್ಲಿಗೆ ಬರುತ್ತೆ. ಆ ಗದ್ದಲದ ಬೆನ್ನಿಗೇ ಈ ಚಿಕ್ಕ ಅಂಗಡಿ. ನಡೆಸೋರು ಎಪ್ಪತ್ತರ ಹತ್ತಿರದ ಹಿರಿಯರು. ಬೀದಿಯವರಿಗೆಲ್ಲ ಚಾಚಾ, ನನಗೂ ಚಾಚಾ.

ಅವರು ಮುಂದಿನ ಚಕ್ರ ಬಿಚ್ಚಿ, ಟೈರಿನ ಗಾಳಿ ತೆಗೆದು, ಸ್ಟೀಲ್ ಸ್ಕೇಲಿನ ಅಂಚನ್ನ ರಿಮ್‌ನ ಪಕ್ಕಕ್ಕೆ ಒತ್ತಿ ಹಿಡಿದರು. ಸ್ಕೇಲಿಗೂ ರಿಮ್‌ಗೂ ನಡುವೆ ಬೆಳಕು ಕಾಣಿಸಿತು.

"ನೋಡಿ ಸಾರ್, ಗುಳಿ ಬಿದ್ದಿದೆ. ಬ್ರೇಕ್ ತಿಂದು ತಿಂದು ಗೋಡೆ ಕಾಗದ ಆಗಿದೆ." ಟೈರ್ ಪೂರ್ತಿ ಬಿಚ್ಚಿದರು. ರಿಮ್‌ನ ಅಂಚಿನ ಕೆಳಗೆ ಕೂದಲೆಳೆಯಂಥ ಬಿರುಕು, ನನ್ನ ಎರಡು ಬೆರಳಿನಗಲ. "ಇದನ್ನ ನೀವೂ ಓಡಿಸಬೇಡಿ, ಬೇರೆಯವರಿಗೂ ಕೊಡಬೇಡಿ."

ತಮ್ಮನ ನೆನಪಾಯಿತು. ಅಲ್ಲಿಂದಲೇ ಫೋನ್ ಮಾಡಿ, "ಭಾನುವಾರದ್ದು ಕ್ಯಾನ್ಸಲ್ ಕಣೋ" ಅಂದೆ.

ಚಕ್ರ ಸಾಯೋದು ಹೇಗೆ?

ರಿಮ್ ಬ್ರೇಕ್ ಇರೋ ಸೈಕಲ್ಲಿನಲ್ಲಿ ರಿಮ್ ಅನ್ನೋದು ಚಕ್ರದ ಭಾಗ ಮಾತ್ರ ಅಲ್ಲ, ಬ್ರೇಕಿನ ಅರ್ಧ ಭಾಗವೂ ಹೌದು. ಪ್ರತಿ ಸಲ ಬ್ರೇಕ್ ಹಿಡಿದಾಗ ರಬ್ಬರ್ ಜೊತೆ ರಿಮ್‌ನ ಗೋಡೆಯೂ ಒಂಚೂರು ಸವೆಯುತ್ತೆ. ಮಳೆಗಾಲದಲ್ಲಿ ಮಣ್ಣು, ಮರಳು ಸೇರಿದರೆ ಉಜ್ಜುಕಾಗದ ಹಾಕಿದ ಹಾಗೆ. ಹೊಸದರಲ್ಲಿ ಆ ಗೋಡೆ ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ ಇರುತ್ತೆ. ಒಂದು ಮಿಲಿಮೀಟರಿಗಿಂತ ತೆಳ್ಳಗಾಯಿತು ಅಂದ್ರೆ ಅದರ ಆಯುಷ್ಯ ಮುಗೀತಾ ಬಂತು. ಒಳಗಡೆ ಟ್ಯೂಬಿನ ಗಾಳಿ ಸದಾ ಆ ಗೋಡೆಯನ್ನ ಹೊರಕ್ಕೆ ತಳ್ಳುತ್ತಲೇ ಇರುತ್ತೆ. ತೆಳ್ಳಗಾದ ಕಡೆ ಉಬ್ಬುತ್ತೆ, ಆ ಉಬ್ಬು ಬ್ರೇಕ್ ರಬ್ಬರಿಗೆ ಸಿಕ್ಕಿದಾಗ 'ಟಕ್'. ಮುಂದಿನ ಹಂತ ಏನಪ್ಪಾ ಅಂದ್ರೆ ಗೋಡೆ ಸೀಳಿ, ಟ್ಯೂಬ್ ಸಿಡಿದು, ಚಕ್ರ ಅಲ್ಲೇ ಕಚ್ಚಿಕೊಳ್ಳೋದು. ಇಳಿಜಾರಿನಲ್ಲಿ ಮುಂದಿನ ಚಕ್ರಕ್ಕೆ ಹೀಗಾದರೆ ಮುಂದಿನದು ನಾನು ಹೇಳಬೇಕಿಲ್ಲ.

ಮನೆಯಲ್ಲೇ ನೋಡಬಹುದಾದ ಗುರುತುಗಳು ಇವು. ಬ್ರೇಕ್ ಉಜ್ಜೋ ಜಾಗಕ್ಕೆ ಸ್ಕೇಲ್ ಅಡ್ಡ ಹಿಡಿದರೆ ನಡುವೆ ಗುಳಿ ಕಾಣಿಸೋದು. ಎಷ್ಟೋ ರಿಮ್‌ಗಳಲ್ಲಿ ಸವೆತ ತಿಳಿಯಲಿ ಅಂತಲೇ ಸಣ್ಣ ಚುಕ್ಕಿ ಅಥವಾ ಗೀರು ಕೊರೆದಿರುತ್ತಾರೆ, ಅದು ಅಳಿಸಿಹೋಗಿರೋದು. ಕಡ್ಡಿ ರಿಮ್‌ಗೆ ಸೇರೋ ತೂತಿನ ಸುತ್ತ ಬಿರುಕು ಬಿಟ್ಟಿರೋದು. ಮೇಲಿಂದ ಮೇಲೆ ಒಂದೇ ಪಕ್ಕದ ಕಡ್ಡಿ ಮುರಿಯೋದು. ಬರೀ ಬೆಂಡ್ ಆಗಿದ್ದರೆ ಕಡ್ಡಿ ಬಿಗಿ ಮಾಡಿ ತೆಗೆಯಬಹುದು. ಗುಳಿ, ಬಿರುಕು ಬಂದಿದ್ದರೆ ರಿಪೇರಿ ಅನ್ನೋದೇ ಇಲ್ಲ, ಬದಲಾಯಿಸಲೇಬೇಕು.

ಅವಸರದಲ್ಲಿ ಕೊಂಡ ಹನ್ನೊಂದು ಸಾವಿರ

ಬದಲಾಯಿಸಬೇಕು ಅಂತ ಗೊತ್ತಾದ ರಾತ್ರಿಯೇ ಫೋನ್ ಹಿಡಿದು ಕೂತೆ. ನಗರದಲ್ಲೇ ಒಬ್ಬರು ತಮ್ಮ ರೇಸಿಂಗ್ ಸೈಕಲ್ಲಿನ ಚಕ್ರ ಮಾರ್ತಾ ಇದ್ದರು. ಕಪ್ಪು ಬಣ್ಣ, ಚಪ್ಪಟೆ ಕಡ್ಡಿ, ಹಗುರ ಅಂದ್ರೆ ಹಗುರ. ಹನ್ನೊಂದು ಸಾವಿರ. ಅವರು ಅಳತೆಯನ್ನೆಲ್ಲ ಸರಿಯಾಗೇ ಬರೆದಿದ್ದರು. ಓದದೇ ಇದ್ದದ್ದು ನಾನು.

ತಂದು ಹಿಂದಿನ ಚಕ್ರ ಕೂರಿಸೋಕೆ ಹೋದರೆ ಫ್ರೇಮಿನ ಕಾಲುಗಳ ನಡುವೆ ಹೋಗ್ತಾನೇ ಇಲ್ಲ. ಒಂದು ಸೆಂಟಿಮೀಟರ್ ಅಗಲ ಜಾಸ್ತಿ. ಮುಂದಿನದು ಕೂತಿತು, ಆದರೆ ಬ್ರೇಕ್ ರಬ್ಬರ್ ರಿಮ್ ಬಿಟ್ಟು ಟೈರಿಗೆ ತಗುಲ್ತಾ ಇತ್ತು. ಇನ್ನೊಂದು ಸಂಗತಿ ಆಮೇಲೆ ಗೊತ್ತಾಯಿತು. ಆ ಹಿಂದಿನ ಹಬ್ಬಿಗೆ ನನ್ನ ಹಳೇ ಫ್ರೀವೀಲ್ ಹತ್ತೋದೇ ಇಲ್ಲ. ಹೊಸ ನಮೂನೆಯ ಹಲ್ಲುಚಕ್ರ ಬೇಕು, ಅದಕ್ಕೆ ತೆಳು ಚೈನ್ ಬೇಕು, ಆ ಚೈನ್ ಮುಂದಿನ ಹಳೇ ಹಲ್ಲುಚಕ್ರಕ್ಕೆ ಒಗ್ಗಬೇಕು. ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ ಹಾಗಾಯಿತು.

ಎರಡೂ ಕೈಯಲ್ಲಿ ಫ್ರೇಮಿನ ಕಾಲು ಅಗಲಿಸಿ ಚಕ್ರ ತೂರಿಸೋಕೆ ನೋಡ್ತಾ ಇದ್ದೆ ಅಂತ ಚಾಚಾಗೆ ಹೇಳಿದಾಗ ಅವರು ಪಾನಾ ಕೆಳಗಿಟ್ಟರು. "ಚಪ್ಪಲಿ ತಗೊಳ್ಳೋವಾಗ ಕಾಲಿನ ಅಳತೆ ನೋಡ್ತೀರಾ, ಬಣ್ಣ ನೋಡ್ತೀರಾ ಸಾರ್?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಅವರು ಅಳತೆ ತೆಗೆಯೋಕೆ ಕೂರಿಸಿದರು. ಆ ಅರ್ಧ ಗಂಟೆಯಲ್ಲಿ ಕಲಿತದ್ದು ಇಲ್ಲಿದೆ.

ಮೊದಲ ಅಳತೆ: ಟೈರ್ ಕೂರೋ ಜಾಗ

'27 ಇಂಚು', '28 ಇಂಚು' ಅನ್ನೋ ಹೆಸರನ್ನ ನಂಬಲೇಬೇಡಿ. ಅದು ಊದಿದ ಟೈರಿನ ಹೊರಗಿನ ಅಂದಾಜು ಅಳತೆ. ಬೇಕಾಗಿರೋದು ಟೈರಿನ ಅಂಚು ರಿಮ್ ಮೇಲೆ ಕೂರೋ ವೃತ್ತದ ವ್ಯಾಸ. ಟೈರಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ '32-630' ಅಂತಲೋ '28-622' ಅಂತಲೋ ಅಚ್ಚಾಗಿರುತ್ತೆ. ಮೊದಲನೇ ಅಂಕಿ ಟೈರಿನ ಅಗಲ, ಎರಡನೇದು ಆ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಇದು ಐ.ಎಸ್.ಓ. 5775 ಅನ್ನೋ ಅಂತರರಾಷ್ಟ್ರೀಯ ಮಾನಕ.

ಪೇಪರ್ ಹಾಕೋರ, ಹಾಲಿನವರ ದೊಡ್ಡ ಕಪ್ಪು ಸೈಕಲ್ಲಿನ 28 ಇಂಚು, ಒಂದೂವರೆ ಅಗಲದ ಟೈರಿಗೆ ಆ ಅಳತೆ 635. ನನ್ನದರಂಥ ಹಳೇ ಟೆನ್ ಸ್ಪೀಡಿನ 27 ಇಂಚಿಗೆ 630. ಇವತ್ತಿನ ಬಹುತೇಕ ರೋಡ್ ಬೈಕುಗಳ 700ಸಿ ಅನ್ನೋದಕ್ಕೆ 622. ಅಂದ್ರೆ ಕಣ್ಣಿಗೆ ಮೂರೂ ಒಂದೇ ಥರ, ಆದರೆ ಒಂದರ ಟೈರ್ ಇನ್ನೊಂದಕ್ಕೆ ಆಗಲ್ಲ. ತಮಾಷೆ ಏನಂದ್ರೆ 622ರ ಟೈರಿನ ಮೇಲೂ ಎಷ್ಟೋ ಸಲ '28 ಇಂಚು' ಅಂತಲೇ ಇರುತ್ತೆ. ಅಂಗಡಿಯಲ್ಲಿ 'ಇಪ್ಪತ್ತೆಂಟು ಕೊಡಿ' ಅಂದು ತಂದರೆ ಯಾವುದು ಬರುತ್ತೋ ದೇವರೇ ಬಲ್ಲ. ಮಿಲಿಮೀಟರ್ ಹೇಳಿ ಕೇಳಿ.

630ರ ಟೈರುಗಳು ಈಗ ಜಗತ್ತಿನಲ್ಲೇ ಕಡಿಮೆ. 622ಕ್ಕೆ ಬೇಕಾದಷ್ಟು ಆಯ್ಕೆ ಇದೆ. ಹೇಗೂ ರಿಮ್ ಬದಲಾಯಿಸಬೇಕು ಅಂದ ಮೇಲೆ 622ಕ್ಕೆ ಬರೋದೇ ಜಾಣತನ. ಆದರೆ ಅದಕ್ಕೆ ಬ್ರೇಕ್ ಒಪ್ಪಬೇಕು.

ಎರಡನೇ ಅಳತೆ: ಬ್ರೇಕ್ ಎಟುಕುತ್ತಾ?

630ರಿಂದ 622ಕ್ಕೆ ಬಂದರೆ ವ್ಯಾಸದಲ್ಲಿ 8 ಮಿಲಿಮೀಟರ್ ಕಡಿಮೆ, ಅಂದ್ರೆ ರಿಮ್ 4 ಮಿಲಿಮೀಟರ್ ಕೆಳಗೆ ಹೋಗುತ್ತೆ. ಬ್ರೇಕ್ ರಬ್ಬರ್ ಕೂಡ ಅಷ್ಟೇ ಕೆಳಗೆ ಇಳಿಯಬೇಕು. ಬ್ರೇಕಿನ ಕೈಯಲ್ಲಿ ರಬ್ಬರ್ ಹಿಡಿಯೋ ಬೋಲ್ಟಿಗೆ ಉದ್ದನೆಯ ಸೀಳು ಇರುತ್ತೆ. ಬೋಲ್ಟಿನ ಕೆಳಗೆ ಇನ್ನೂ ಎಷ್ಟು ಜಾಗ ಇದೆ ಅಂತ ಅಳೆದರೆ ಸಾಕು. ನನ್ನದರಲ್ಲಿ 6 ಮಿಲಿಮೀಟರ್ ಇತ್ತು. ನಾನು ತಂದ ಚಕ್ರದಲ್ಲಿ ಬ್ರೇಕ್ ಟೈರಿಗೆ ತಗುಲ್ತಾ ಇದ್ದದ್ದು ಬ್ರೇಕಿನ ತಪ್ಪಲ್ಲ, ಬೋಲ್ಟ್ ಸಡಿಲಿಸಿ ಕೆಳಗಿಳಿಸದೇ ಇದ್ದ ನನ್ನ ತಪ್ಪು. ಜಾಗ ಇಲ್ಲದೇ ಹೋದರೆ ಉದ್ದ ಕೈಯಿನ ಬ್ರೇಕ್ ಹಾಕಿಸಬೇಕು. ರಬ್ಬರ್ ಟೈರಿಗೆ ಒರಸೋ ಹಾಗೆ ಮಾತ್ರ ಬಿಡಬೇಡಿ, ಟೈರ್ ಕೊಯ್ದು ಹಾಕಿಬಿಡುತ್ತೆ.

ಮೂರನೇ ಅಳತೆ: ಹಿಂದಿನ ಕಾಲುಗಳ ಅಂತರ

ಹಿಂದಿನ ಚಕ್ರ ಬಿಚ್ಚಿ, ಅಚ್ಚು ಕೂರೋ ಎರಡು ಕಾಲುಗಳ ಒಳಗಿನ ಅಂತರ ಅಳೆಯಿರಿ. ಹಿಂದೆ ಐದು ಹಲ್ಲುಚಕ್ರ ಇದ್ದ ಕಾಲದ ಸೈಕಲ್ಲಿಗೆ ಸಾಮಾನ್ಯವಾಗಿ 120 ಮಿಲಿಮೀಟರ್. ಆರು, ಏಳು ಇದ್ದರೆ 126. ಎಂಟರಿಂದ ಹನ್ನೊಂದರವರೆಗಿನ ರಿಮ್ ಬ್ರೇಕ್ ರೋಡ್ ಬೈಕಿಗೆ 130. ಡಿಸ್ಕ್ ಬ್ರೇಕ್ ಇದ್ದರೆ 135 ಅಥವಾ ದಪ್ಪ ಅಚ್ಚಿನ 142. ಮುಂದಿನದು ರಿಮ್ ಬ್ರೇಕಿನಲ್ಲಿ ಸಾಮಾನ್ಯವಾಗಿ 100.

ಉಕ್ಕಿನ ಫ್ರೇಮ್ ಆದರೆ 126ನ್ನ 130ಕ್ಕೆ ಹಿಗ್ಗಿಸಬಹುದು. ಎರಡೂ ಕಾಲು ಸಮನಾಗಿ ಸರಿದಿವೆಯಾ, ಅಚ್ಚು ಕೂರೋ ಜಾಗ ನೆಟ್ಟಗಿದೆಯಾ ಅಂತ ನೋಡೋಕೆ ಬರೋರೇ ಮಾಡಬೇಕು. 120ರಿಂದ 130 ಅಂದ್ರೆ ದೊಡ್ಡ ಎಳೆತ, ನಾನು ಬೇಡ ಅಂದುಬಿಟ್ಟೆ. ಅಲ್ಯೂಮಿನಿಯಂ, ಕಾರ್ಬನ್ ಫ್ರೇಮ್ ಆದರೆ ಆ ಯೋಚನೆಯೇ ಬೇಡ. ಅವು ಬಗ್ಗಲ್ಲ, ಬಿರುಕು ಬಿಡುತ್ತವೆ.

ಇದರ ಜೊತೆಗೇ ನೋಡಬೇಕಾದದ್ದು ಹಲ್ಲುಚಕ್ರ ಹತ್ತೋ ರೀತಿ. ಹಳೇದರಲ್ಲಿ ಫ್ರೀವೀಲ್ ಪೂರ್ತಿಯಾಗಿ ಹಬ್ಬಿನ ಮರೆಗೆ ತಿರುಗಿ ಕೂರುತ್ತೆ. ಹೊಸದರಲ್ಲಿ ತಿರುಗೋ ಯಂತ್ರ ಹಬ್ಬಿನಲ್ಲೇ ಇರುತ್ತೆ, ಹಲ್ಲುಗಳ ಗೊಂಚಲು ಅಂದ್ರೆ ಕ್ಯಾಸೆಟ್ ಅದರ ಮೇಲೆ ಜಾರಿ ಕೂರುತ್ತೆ. ಒಂದರದ್ದು ಇನ್ನೊಂದಕ್ಕೆ ಆಗಲ್ಲ. ಹಳೇ ಫ್ರೆಂಚ್ ಸೈಕಲ್ ಆದರೆ ಮರೆಯ ಅಳತೆಯೇ ಬೇರೆ ಇರಬಹುದು, ಎಚ್ಚರ.

ಹಾಗಾದ್ರೆ ಯಾವ ಚಕ್ರ?

ನಿಮ್ಮ ಸೈಕಲ್ ಹತ್ತು ಹದಿನೈದು ವರ್ಷದ ಹಿಂದಿನ, ಎಂಟು, ಒಂಬತ್ತು, ಹತ್ತು ಸ್ಪೀಡಿನ ಅಲ್ಯೂಮಿನಿಯಂ ರೋಡ್ ಬೈಕ್ ಆಗಿದ್ದರೆ ನಿಮ್ಮ ದಾರಿ ಸುಲಭ. 622ರ ರಿಮ್, 130ರ ಹಬ್ ಇರೋ ಸಿದ್ಧ ಚಕ್ರ ಕೊಳ್ಳಿ. ಶಿಮಾನೋದ ಎಂಟು, ಒಂಬತ್ತು, ಹತ್ತು ಸ್ಪೀಡಿನ ರೋಡ್ ಕ್ಯಾಸೆಟ್ಟುಗಳು ಒಂದೇ ಅಗಲದ ಹಬ್ಬಿಗೆ ಕೂರುತ್ತವೆ. ಈಗ ಸಿಗೋ ಹನ್ನೊಂದು ಸ್ಪೀಡಿನ ಹಬ್ ಸ್ವಲ್ಪ ಅಗಲ. 1.85 ಮಿಲಿಮೀಟರಿನ ಒಂದು ಬಳೆ ಹಾಕಿದರೆ ಹಳೇ ಕ್ಯಾಸೆಟ್ ಅದಕ್ಕೂ ಆಗುತ್ತೆ. ಕಂಪಾನ್ಯೋಲೋ ಕ್ಯಾಸೆಟ್ಟಿನ ಗಾಡಿಗಳೇ ಬೇರೆ, ಅದು ಶಿಮಾನೋ ಹಬ್ಬಿಗೆ ಹತ್ತಲ್ಲ.

ನನ್ನಂಥ ಹಳೇ ಉಕ್ಕಿನ ಸೈಕಲ್ಲಿಗೆ ಇನ್ನೊಂದು ದಾರಿ: ಹಬ್ ಹಳೇದೇ ಇರಲಿ, ರಿಮ್ ಮತ್ತು ಕಡ್ಡಿ ಹೊಸದು. ಹಬ್ ಸರಿಯಾಗಿದೆಯಾ ಅಂತ ನೋಡೋದು ಸುಲಭ. ಅಚ್ಚನ್ನ ಬೆರಳಲ್ಲಿ ತಿರುಗಿಸಿದರೆ ಮರಳು ಸಿಕ್ಕಿದ ಹಾಗೆ ಗರಗರ ಅನ್ನಬಾರದು. ಬಿಚ್ಚಿದಾಗ ಗುಂಡು ಓಡೋ ಬಟ್ಟಲಿನಲ್ಲಿ ಗುಳಿ ಇರಬಾರದು. ಚಾಚಾ ಬಿಚ್ಚಿದರು. ಒಳಗೆ ಗ್ರೀಸ್ ಒಣಗಿ ಬೆಲ್ಲದಚ್ಚಿನ ಹಾಗಾಗಿತ್ತು, ಬಟ್ಟಲು ಮಾತ್ರ ಫಳಫಳ ಅಂತಿತ್ತು. "ಇದು ಇನ್ನೂ ನಿಮ್ಮ ಮಗನವರೆಗೂ ಬರುತ್ತೆ" ಅಂದರು. ಮದುವೆಯೇ ಆಗಿಲ್ಲ ಅಂದೆ. "ಚಕ್ರ ಮೊದಲು ಆಗಲಿ ಬಿಡಿ."

ರಿಮ್ ಆರಿಸೋವಾಗ ನಾಲ್ಕು ವಿಷಯ ನೋಡಿದೆವು. ಮೊದಲನೇದು ತೂತುಗಳ ಎಣಿಕೆ. ನನ್ನ ಹಬ್ಬಿನಲ್ಲಿ 36, ರಿಮ್‌ನಲ್ಲೂ 36 ಇರಲೇಬೇಕು. ಕಡ್ಡಿ ಜಾಸ್ತಿ ಇದ್ದಷ್ಟೂ ಭಾರ ಹಂಚಿಹೋಗುತ್ತೆ, ಒಂದು ಮುರಿದರೂ ಮನೆ ಸೇರಬಹುದು. ಇಪ್ಪತ್ತೇ ಕಡ್ಡಿಯ ರೇಸಿಂಗ್ ಚಕ್ರದಲ್ಲಿ ಒಂದು ಮುರಿದರೆ ರಿಮ್ ಎಷ್ಟೋ ಸಲ ಬ್ರೇಕಿಗೇ ಕಚ್ಚಿಕೊಳ್ಳುತ್ತೆ, ಅದೇ ನಮೂನೆಯ ಕಡ್ಡಿ ಬೇರೆ ಹುಡುಕಬೇಕು. ಎರಡನೇದು, ಒಂಟಿ ಗೋಡೆಯ ರಿಮ್ ಬಿಟ್ಟು ಒಳಗೆ ಟೊಳ್ಳಿರೋ ಜೋಡಿ ಗೋಡೆಯ ಅಲ್ಯೂಮಿನಿಯಂ ರಿಮ್. ನಮ್ಮ ಗುಂಡಿಗಳಿಗೆ ಅದೇ ಸರಿ. ಮೂರನೇದು, ಹೊಳೆಯೋ ಉಕ್ಕಿನ ರಿಮ್ ಬೇಡ. ಒದ್ದೆ ಆದಾಗ ಅದರ ಮೇಲೆ ಬ್ರೇಕ್ ಜಾರುತ್ತೆ. ಮಿನರ್ವ ಸರ್ಕಲ್ಲಿನಲ್ಲಿ ಮಳೆ ಬರೋವಾಗ ಸಿಗ್ನಲ್ ಬಿದ್ದರೆ ಗೊತ್ತಾಗುತ್ತೆ. ನಾಲ್ಕನೇದು ಅಗಲ. ಫ್ರೇಮ್, ಬ್ರೇಕ್ ನಡುವೆ ಜಾಗ ಇದ್ದರೆ 28 ಅಥವಾ 32 ಮಿಲಿಮೀಟರಿನ ಟೈರ್ ಹಿಡಿಯೋ ರಿಮ್ ತಗೊಳ್ಳಿ. ಅಗಲ ಟೈರಿಗೆ ಗಾಳಿ ಕಡಿಮೆ ಸಾಕು, ಬೆನ್ನಿಗೂ ಸುಖ, ರಿಮ್‌ಗೂ ಸುಖ.

ಕಡ್ಡಿ ಮಾತಾಡುತ್ತೆ

ಶನಿವಾರ ಪೂರ್ತಿ ಅಂಗಡಿಯಲ್ಲೇ ಕೂತಿದ್ದೆ. ಚಾಚಾ ಎರಡು ತುಂಡು ಕಡ್ಡಿಯನ್ನ ರಿಮ್‌ನ ಎದುರುಬದುರು ತೂತಿಗೆ ಸಿಕ್ಕಿಸಿ ಒಳ ಅಳತೆ ತೆಗೆದು, ಹಬ್ಬಿನ ಅಳತೆ ಸೇರಿಸಿ ಕಡ್ಡಿಯ ಉದ್ದ ಲೆಕ್ಕ ಹಾಕಿದರು. ಹಿಂದಿನ ಚಕ್ರದ ಬಲಗಡೆಗೆ ಕಡ್ಡಿ ಚೂರು ಗಿಡ್ಡ. ಫ್ರೀವೀಲ್ ಜಾಗ ತಗೊಳ್ಳೋದರಿಂದ ಆ ಕಡೆ ಕಡ್ಡಿ ನೆಟ್ಟಗೆ ನಿಲ್ಲುತ್ತೆ, ಬಿಗಿಯೂ ಜಾಸ್ತಿ ಬೇಕು. ಒಂದೊಂದು ಕಡ್ಡಿಯೂ ಅದೇ ಪಕ್ಕದ ಮೂರು ಕಡ್ಡಿಗಳನ್ನ ಹಾಯ್ದು ಹೋಗೋ ಹಾಗೆ ನೇಯ್ದರು. ಆಮೇಲೆ ಕಾಲು ಸುತ್ತು, ಅರ್ಧ ಸುತ್ತು ಬಿಗಿ ಮಾಡ್ತಾ ಬೆಂಡು ತೆಗೆದರು. ನಡುನಡುವೆ ಕಡ್ಡಿಗಳನ್ನ ಜೋಡಿಜೋಡಿಯಾಗಿ ಮುಷ್ಟಿಯಲ್ಲಿ ಹಿಸುಕೋರು. 'ಟಿಣ್' ಅನ್ನೋ ಸದ್ದು ಬರೋದು. "ಈಗಲೇ ಕೂತುಕೊಳ್ಳಲಿ, ರಸ್ತೆಯಲ್ಲಿ ಬೇಡ."

ಕೊನೆಗೆ ಉಗುರಿನಿಂದ ಒಂದೊಂದೇ ಕಡ್ಡಿ ಮೀಟಿದರು. ಒಂದೇ ಪಕ್ಕದ ಕಡ್ಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಸ್ವರ ಕೊಡಬೇಕು. ಒಂದು ಮಾತ್ರ ಮಂಕಾಗಿ ಸದ್ದು ಮಾಡಿದರೆ ಅದು ಸಡಿಲ. ನೀವು ಯಾವ ಚಕ್ರ ಕೊಳ್ಳೋಕೆ ಹೋದರೂ, ಹೊಸದಾದರೂ ಹಳೇದಾದರೂ, ಈ ಪರೀಕ್ಷೆ ಮಾಡಿ. ಕಾಸು ಖರ್ಚಿಲ್ಲ.

ಲೆಕ್ಕ

ಮುಚ್ಚುಮರೆ ಯಾಕೆ, ಹೇಳಿಬಿಡ್ತೀನಿ. ಎರಡು ರಿಮ್‌ಗೆ 3,500 ರೂಪಾಯಿ. ನಿಪ್ಪಲ್ ಸಮೇತ 72 ಕಡ್ಡಿಗೆ 1,440. ರಿಮ್ ಟೇಪಿಗೆ 200. ಹಬ್ಬಿಗೆ ಹೊಸ ಗುಂಡು, ಗ್ರೀಸ್, ಕಟ್ಟಿದ ಕೂಲಿ ಎಲ್ಲ ಸೇರಿ 1,800. ಅಲ್ಲಿಗೆ 6,940. 28ರ ಎರಡು ಟೈರ್, ಟ್ಯೂಬಿಗೆ 2,700. ಒಟ್ಟು 9,640. ಸೈಕಲ್ ಕೊಂಡದ್ದೇ ಒಂಬತ್ತು ಸಾವಿರಕ್ಕೆ! ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ. ಅವಸರದಲ್ಲಿ ಕೊಂಡ ಆ ಕಪ್ಪು ಚಕ್ರಗಳನ್ನ ಅದು ಸರಿಹೊಂದೋ ಸೈಕಲ್ ಇದ್ದ ಹುಡುಗನೊಬ್ಬನಿಗೆ ಎಂಟು ಸಾವಿರಕ್ಕೆ ಕೊಟ್ಟೆ. ಮೂರು ಸಾವಿರ ನನ್ನ ಕಲಿಕೆಯ ಫೀಸು.

ಹಾಗಾದ್ರೆ ಇದು ದಡ್ಡತನವಾ? ನಾನು ಯೋಚಿಸಿದ್ದು ಹೀಗೆ. ಫ್ರೇಮಿನಲ್ಲಿ ಬಿರುಕಿಲ್ಲ, ಅಳತೆ ನನಗೆ ಸರಿಯಾಗಿದೆ, ಇನ್ನೂ ನಾಲ್ಕೈದು ವರ್ಷ ಓಡಿಸ್ತೀನಿ ಅನ್ನೋದು ಖಾತ್ರಿ ಇದೆ. ಇವು ಮೂರೂ ಇದ್ದರೆ ಚಕ್ರಕ್ಕೆ ದುಡ್ಡು ಹಾಕಬಹುದು. ಒಂದು ಇಲ್ಲ ಅಂದರೂ ಹಳೇದನ್ನ ಗೌರವದಿಂದ ಬೀಳ್ಕೊಟ್ಟು ಬೇರೆ ಸೈಕಲ್ ನೋಡೋದು ವಾಸಿ. ಇನ್ನು ಸೆಕೆಂಡ್ ಹ್ಯಾಂಡ್ ಕೊಳ್ಳೋಕೆ ಹೊರಟಿರೋರು ಸ್ಕೇಲ್ ಜೇಬಿನಲ್ಲಿಟ್ಟುಕೊಂಡು ಹೋಗಿ. ರಿಮ್ ಗುಳಿ ಬಿದ್ದಿದ್ದರೆ ಚಕ್ರದ ಖರ್ಚನ್ನ ಬೆಲೆಯಲ್ಲಿ ಕಳೆದು ಮಾತಾಡಿ. ಎರಡು ವರ್ಷದ ಹಿಂದೆ ನನಗೆ ಇಷ್ಟು ಗೊತ್ತಿದ್ದಿದ್ದರೆ ಒಂಬತ್ತು ಸಾವಿರ ಕೊಡ್ತಾ ಇರಲಿಲ್ಲ.

ಹೊಸ ಚಕ್ರದಲ್ಲಿ ನೂರೈವತ್ತು ಕಿಲೋಮೀಟರ್ ಓಡಿಸಿ ಮತ್ತೆ ಚಾಚಾ ಹತ್ತಿರ ಹೋದೆ. ಕಡ್ಡಿಗಳು ಕೂತ ಮೇಲೆ ಒಮ್ಮೆ ನೋಡಲೇಬೇಕಂತೆ. ಎರಡು ನಿಪ್ಪಲ್ ಕಾಲು ಸುತ್ತು ತಿರುಗಿಸಿದರು, ದುಡ್ಡು ಬೇಡ ಅಂದರು. ಹಳೇ ರಿಮ್ ಗುಜರಿಗೆ ಹಾಕಲಾ ಅಂತ ಕೇಳಿದರು. ಬಿರುಕಿನ ಜಾಗವನ್ನ ಮಾತ್ರ ಒಂದು ಗೇಣು ಕತ್ತರಿಸಿ ಕೊಡಿ ಅಂದೆ. ಅದು ನನ್ನ ಮನೆಯ ಬಾಗಿಲ ಹಿಂದೆ, ಸೈಕಲ್ ಕೀಲಿ ನೇತುಹಾಕೋ ಮೊಳೆಯಲ್ಲೇ ಇದೆ.

ಅದರ ಮುಂದಿನ ಭಾನುವಾರ ತಮ್ಮ ನಂದಿಗೆ ಹೋದ. ಹೊರಡೋ ಮುಂಚೆ ಇಬ್ಬರೂ ಚಕ್ರ ತಿರುಗಿಸಿ, ಬ್ರೇಕ್ ಹಿಡಿದು, ಕಡ್ಡಿ ಮೀಟಿ ನೋಡಿದೆವು. ಹತ್ತೂವರೆಗೆ ಫೋನ್ ಬಂತು. ಎದೆ ಧಸಕ್ ಅಂತು, ಎತ್ತಿದೆ.

"ಅಣ್ಣ, ಕೆಳಗಿಳಿದೆ. ಬ್ರೇಕ್ ಬೆಣ್ಣೆ ಥರ ಇದೆ. ಆದ್ರೆ ಸೀಟು ಮಾತ್ರ ಕಲ್ಲು ಕಣೋ, ಅದನ್ನೂ ಬದಲಾಯಿಸು."